ಕಲ್ಲಿನ ಕಪ್ಪು ಹಕ್ಕಳೆಗೆ ಲೇಸರ್ ಪರೀಕ್ಷೆ: ಕಲಬುರಗಿ ಸೀಮೆಯವರಿಗೊಂದು ಮಾರ್ಗದರ್ಶಿ

"ನಮ್ಮೂರ ಗುಡಿ ಕಲ್ಲು ಕರ್ರಗಾಗಿದೆ. ಲೇಸರ್ ಬಿಟ್ಟು ನೋಡಿದರೆ ಅದು ಸಿಮೆಂಟ್ ಫ್ಯಾಕ್ಟರಿ ಧೂಳೋ, ದೀಪದ ಮಸಿಯೋ, ಪಾಚಿಯೋ ಗೊತ್ತಾಗ್ತದೇನ್ರಿ?" ಚಿತ್ತಾಪುರ, ಸೇಡಂ, ಶಹಾಬಾದ್ ಕಡೆಯ ಓದುಗರು, ಅದರಲ್ಲೂ ಎಂ.ಎಸ್ಸಿ. ಪ್ರಾಜೆಕ್ಟ್ ಹಿಡಿದ ವಿದ್ಯಾರ್ಥಿಗಳು, ಇದನ್ನೇ ಕೇಳುತ್ತಿರುತ್ತಾರೆ. ಉತ್ತರ: ಗೊತ್ತಾಗುತ್ತದೆ. ಆದರೆ ಒಂದೇ ಲೇಸರ್‌ನಿಂದ ಅಲ್ಲ. ಅದೇ ಕಲ್ಲಿನ ತಾಜಾ ತುಂಡು ಪಕ್ಕದಲ್ಲಿ ಇಲ್ಲದಿದ್ದರಂತೂ ಎಷ್ಟು ದುಬಾರಿ ಯಂತ್ರ ತಂದರೂ ಗೊತ್ತಾಗುವುದಿಲ್ಲ.

ಈ ವಿಧಾನವನ್ನು ವಿವರಿಸುವ ಬರಹಗಳಲ್ಲಿ ಬಹುಪಾಲು ಉದಾಹರಣೆಗಳು ಗ್ರೀಸ್, ಇಟಲಿಯ ಅಮೃತಶಿಲೆಯವು. ನಮ್ಮ ಕಡೆ ಇರುವುದು ಭೀಮಾ ತೀರದ ಸುಣ್ಣಕಲ್ಲು, ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದಿ ಫರ್ಸಿ. ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದ ಶಿಲ್ಪಫಲಕಗಳೂ ಸುಣ್ಣಕಲ್ಲಿನವೇ. "ರಾಯೋ ಅಸೋಕೋ" (ರಾಜ ಅಶೋಕ) ಎಂಬ ಬರಹವಿರುವ ಫಲಕ ಸಿಕ್ಕಿದ್ದು ಅಲ್ಲಿಯೇ. ಅಮೃತಶಿಲೆ, ಸುಣ್ಣಕಲ್ಲು ಎರಡರಲ್ಲೂ ಮುಖ್ಯ ಖನಿಜ ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಗಾಳಿಯ ಆಮ್ಲ ಎರಡನ್ನೂ ಒಂದೇ ರೀತಿ ತಿನ್ನುತ್ತದೆ. ವ್ಯತ್ಯಾಸ ಇರುವುದು ಶುದ್ಧತೆಯಲ್ಲಿ. ಒಳ್ಳೆಯ ಬಿಳಿ ಅಮೃತಶಿಲೆಯಲ್ಲಿ ಕ್ಯಾಲ್ಸೈಟ್ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಶಹಾಬಾದ್ ಕಲ್ಲಿನಲ್ಲಿ ಜೇಡಿ, ಸಿಲಿಕಾ (ಎರಡರಲ್ಲೂ ಸಿಲಿಕಾನ್ ಇದೆ) ಹುಟ್ಟಿನಿಂದಲೇ ಬೆರೆತಿವೆ. ಹಾಗಾಗಿ "ಮೇಲ್ಮೈಯಲ್ಲಿ ಸಿಲಿಕಾನ್ ಸಿಕ್ಕಿತು, ಆದ್ದರಿಂದ ಧೂಳು" ಎಂಬ ಯುರೋಪಿನ ಸುಲಭ ತರ್ಕ ಇಲ್ಲಿ ನಡೆಯುವುದಿಲ್ಲ.

ಬೀದರ್, ಯಾದಗಿರಿಯವರಿಗೆ ಒಂದು ಮಾತು. ಬೀದರ್ ಕೋಟೆಯ ಕಪ್ಪುಕಲ್ಲು, ಜಂಬಿಟ್ಟಿಗೆ, ಯಾದಗಿರಿ ಕೋಟೆಯ ಗ್ರಾನೈಟ್ ಇವು ಸುಣ್ಣಕಲ್ಲಲ್ಲ. ಅಂಥ ಗೋಡೆಯ ಮೇಲೆ ಜಿಪ್ಸಮ್, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಸಿಕ್ಕರೆ ಅದರ ಕ್ಯಾಲ್ಸಿಯಂ ಕಲ್ಲಿನದಲ್ಲ, ಗಾರೆಯದೋ ಧೂಳಿನದೋ ಇರಬೇಕು. ಮುಂದಿನ ಹಂತಗಳನ್ನು ಇದನ್ನು ನೆನಪಿಟ್ಟು ಓದಿ.

ಹಕ್ಕಳೆ ಕಟ್ಟುವುದು ಹೇಗೆ

ಇಂಧನ ಉರಿದಾಗ ಬರುವ ಗಂಧಕದ ಡೈಆಕ್ಸೈಡ್ ತೇವದೊಡನೆ ಸೇರಿ ಆಮ್ಲವಾಗುತ್ತದೆ. ಆಮ್ಲ ಕ್ಯಾಲ್ಸೈಟನ್ನು ಜಿಪ್ಸಮ್ ಆಗಿ ಮಾರ್ಪಡಿಸುತ್ತದೆ. ಜಿಪ್ಸಮ್ ಹರಳು ಬೆಳೆಯುವಾಗ ಮಸಿ, ಹಾರುಬೂದಿ, ಮಣ್ಣನ್ನು ತನ್ನೊಳಗೆ ಸಿಕ್ಕಿಸಿಕೊಂಡು ಕಪ್ಪಾಗುತ್ತದೆ. ಜಿಪ್ಸಮ್ ಒಂದು ಲೀಟರ್ ನೀರಿನಲ್ಲಿ ಎರಡು ಗ್ರಾಮಿಗೂ ಹೆಚ್ಚು ಕರಗುತ್ತದೆ, ಕ್ಯಾಲ್ಸೈಟ್ ಅದರ ನೂರರಲ್ಲೊಂದು ಪಾಲೂ ಕರಗುವುದಿಲ್ಲ. ಆದ್ದರಿಂದ ಮಳೆ ಬಡಿಯುವ ಕಡೆ ಜಿಪ್ಸಮ್ ತೊಳೆದುಹೋಗುತ್ತದೆ, ಮಳೆ ತಾಗದ ಮರೆಯಲ್ಲಿ ಉಳಿದು ದಪ್ಪವಾಗುತ್ತದೆ.

ಎಲ್ಲ ಕಪ್ಪೂ ಇದಲ್ಲ. ನೀರು ಇಳಿಯುವ ದಾರಿಯಲ್ಲಿ ಸೂಕ್ಷ್ಮಜೀವಿಗಳು, ನೀಲಿಹಸಿರು ಪಾಚಿ ಬೆಳೆದು ಬಿಸಿಲಿಗೆ ಒಣಗಿ ಕಪ್ಪು ಪಟ್ಟೆಯಾಗುತ್ತವೆ. ಕಲ್ಲುಹೂವು ಇದ್ದ ಕಡೆ ಆಕ್ಸಲೇಟ್ ಎಂಬ ತೆಳು ಕಂದು ಪದರ ಉಳಿಯಬಹುದು. ಗುಡಿಯೊಳಗೆ ಎಣ್ಣೆದೀಪದ ಮಸಿ, ಸಿಂಧೂರ, ವರ್ಷವರ್ಷ ಬಳಿದ ಸುಣ್ಣ.

ಎರಡು ಲೇಸರ್, ಎರಡು ಬೇರೆ ಕೆಲಸ

ರೋಹಿತ ಅಂದರೆ ಬೆಳಕನ್ನು ಅದರ ಬಣ್ಣಗಳಾಗಿ, ಅಂದರೆ ತರಂಗಾಂತರಗಳಾಗಿ, ಬಿಡಿಸಿ ಬರೆದ ನಕ್ಷೆ. ಲೇಸರ್‌ನಿಂದ ರೋಹಿತ ಪಡೆಯುವ ಎರಡು ವಿಧಾನಗಳು ನಮಗೆ ಬೇಕು.

ಮೊದಲನೆಯದು ಲಿಬ್ಸ್ (LIBS, ಲೇಸರ್-ಇಂಡ್ಯೂಸ್ಡ್ ಬ್ರೇಕ್‌ಡೌನ್ ಸ್ಪೆಕ್ಟ್ರೋಸ್ಕೋಪಿ). ಕೆಲವು ನ್ಯಾನೊಸೆಕೆಂಡಿನ ಬಲವಾದ ಲೇಸರ್ ಹೊಡೆತ ಕಲ್ಲಿನ ಕೂದಲೆಳೆಯಷ್ಟು ಜಾಗವನ್ನು ಆವಿ ಮಾಡಿ, ಹತ್ತು ಸಾವಿರ ಡಿಗ್ರಿಯ ಆಸುಪಾಸಿನ ಕಿಡಿ ಎಬ್ಬಿಸುತ್ತದೆ. ಈ ಕಿಡಿಗೆ ಪ್ಲಾಸ್ಮಾ ಎನ್ನುತ್ತಾರೆ. ಅದರ ಬೆಳಕಿನಲ್ಲಿ ಪ್ರತಿ ಮೂಲಧಾತುವೂ ತನ್ನದೇ ಗೆರೆ ತೋರಿಸುತ್ತದೆ. 2023ರಲ್ಲಿ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಚಂದ್ರನ ನೆಲದಲ್ಲಿ ಗಂಧಕ ಪತ್ತೆ ಮಾಡಿದ್ದು ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ ತಯಾರಾದ ಲಿಬ್ಸ್‌ನಿಂದಲೇ.

ಎರಡನೆಯದು ರಾಮನ್. ಇಲ್ಲಿ ಮೆಲ್ಲಗಿನ ಲೇಸರ್ ಬೆಳಕು ವಸ್ತುವಿನ ಅಣುಗಳಿಗೆ ತಾಗಿ ಸ್ವಲ್ಪ ಬಣ್ಣ ಬದಲಿಸಿ ಚದುರುತ್ತದೆ. ಆ ಬದಲಾವಣೆಯಿಂದ ಸಂಯುಕ್ತ ಯಾವುದೆಂದು ತಿಳಿಯುತ್ತದೆ. ಲಿಬ್ಸ್ "ಕ್ಯಾಲ್ಸಿಯಂ ಇದೆ" ಎನ್ನುತ್ತದೆ. ಅದು ಕಲ್ಲಿನದೋ, ಜಿಪ್ಸಮ್ಮಿನದೋ, ಸುಣ್ಣದ್ದೋ ಹೇಳುವುದಿಲ್ಲ. ರಾಮನ್ ಕ್ಯಾಲ್ಸೈಟ್, ಜಿಪ್ಸಮ್ ಎಂದು ಹೆಸರು ಹಿಡಿದು ಹೇಳುತ್ತದೆ, ಆದರೆ ಅತಿ ಸಣ್ಣ ಪ್ರಮಾಣದ ಲೋಹಗಳನ್ನು ಕಾಣದು. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಮಾಡಿ ಬರೆದ ವರದಿಯನ್ನು ನಾನು ಅರ್ಧ ವರದಿ ಎಂದೇ ಓದುತ್ತೇನೆ.

ಬೇಕಾದ ಸಾಮಾನು

1064 ನ್ಯಾನೊಮೀಟರ್ ಲೇಸರ್ ಇರುವ ಲಿಬ್ಸ್ (ಪ್ರಯೋಗಾಲಯದ್ದಾಗಲಿ, ಕೈಯಲ್ಲಿ ಹಿಡಿಯುವಂಥದ್ದಾಗಲಿ), 785 ನ್ಯಾನೊಮೀಟರ್ ರಾಮನ್, ಸೂಕ್ಷ್ಮದರ್ಶಕ, ಆ ತರಂಗಾಂತರಕ್ಕೇ ಮಾಡಿದ ಕನ್ನಡಕ, ಕೈಗವಸು, ಕಪ್ಪು ಬಟ್ಟೆ. ಯಂತ್ರ ಕೊಳ್ಳುವ ಮಾತೇ ಬೇಡ. ಸರ್ಕಾರದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ದೇಶದ ಸಂಸ್ಥೆಗಳ ಉಪಕರಣಗಳ ಪಟ್ಟಿ ಇದೆ, ಅಲ್ಲಿಂದಲೇ ಸಮಯ ಕಾದಿರಿಸಬಹುದು. ಕಾಲೇಜಿನ ಗುರುತಿದ್ದರೆ ಸುಲಭ.

ಹಂತ 1: ಯಂತ್ರಕ್ಕಿಂತ ಮೊದಲು ಕಣ್ಣು

ಗೋಡೆಯ ಚಿತ್ರ ಬರೆದುಕೊಂಡು ಕಪ್ಪು ಎಲ್ಲೆಲ್ಲಿದೆ ಎಂದು ಗುರುತು ಹಾಕಿ. ಮಾಲಿನ್ಯದ ಕಪ್ಪು ಮಳೆಯಿಂದ ಅಡಗಿ ಕೂತಿರುತ್ತದೆ: ಛಜ್ಜದ ಕೆಳಗೆ, ಶಿಲ್ಪದ ಗದ್ದದಡಿ, ಕೆತ್ತನೆಯ ಸಂದಿಯಲ್ಲಿ. ಜೀವಿಗಳ ಕಪ್ಪು ನೀರನ್ನು ಹಿಂಬಾಲಿಸುತ್ತದೆ: ಮಳೆನೀರಿನ ದೋಣಿ ಸೋರುವ ಕಡೆ, ಗೋಡೆಯ ನೆತ್ತಿಯಿಂದ ಇಳಿಯುವ ಪಟ್ಟೆಯಾಗಿ. ದೀಪದ ಮಸಿ ದೀಪದ ಗೂಡಿನ ಮೇಲ್ಗಡೆಯೇ ಇರುತ್ತದೆ. ಈ ನಕ್ಷೆಯೊಂದರಿಂದಲೇ ಅರ್ಧ ಉತ್ತರ ಬಂದುಬಿಡುತ್ತದೆ. ಉಳಿದರ್ಧಕ್ಕೆ ಎಲ್ಲಿ ಲೇಸರ್ ಇಡಬೇಕು ಎಂಬುದನ್ನೂ ಇದೇ ಹೇಳುತ್ತದೆ. ಮಳೆ ಬಡಿಯುವ ಜಾಗ, ಮರೆಯ ಜಾಗ, ನೀರಿಳಿಯುವ ಜಾಗ, ಮೂರರಿಂದಲೂ ಬಿಂದುಗಳನ್ನು ಆರಿಸಿ. ಕಪ್ಪಾಗಿರುವ ಜಾಗವನ್ನು ಮಾತ್ರ ಅಳೆದು ಬರುವವರೇ ಜಾಸ್ತಿ. ಆಮೇಲೆ ಯಾವುದರೊಡನೆ ಹೋಲಿಸಬೇಕೆಂದು ತಿಳಿಯದೆ ಕೂರುತ್ತಾರೆ.

ಹಂತ 2: ಅನುಮತಿ, ಅಭ್ಯಾಸ

ಲಿಬ್ಸ್ ಎಷ್ಟೇ ಸಣ್ಣದಾದರೂ ಗುಳಿ ಮಾಡುತ್ತದೆ. ರಾಷ್ಟ್ರೀಯ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಲಿಖಿತ ಅನುಮತಿ ಇಲ್ಲದೆ ಯಂತ್ರ ಹೊರತೆಗೆಯಬೇಡಿ. ರಾಜ್ಯ ಸಂರಕ್ಷಿತ ಸ್ಮಾರಕಕ್ಕೆ ರಾಜ್ಯ ಪುರಾತತ್ವ ಇಲಾಖೆ. ಪಟ್ಟಿಯಲ್ಲಿಲ್ಲದ ಊರ ಗುಡಿಯಾದರೆ ಗುಡಿಯ ಹಿರಿಯರನ್ನು ಕೇಳಿ, ಏನು ಮಾಡುತ್ತೀರೆಂದು ತೋರಿಸಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಮೊದಲ ಅಭ್ಯಾಸಕ್ಕೆ ಸ್ಮಾರಕ ಬೇಕಿಲ್ಲ. ನಮ್ಮ ಸೀಮೆಯ ಅನುಕೂಲವೇ ಅದು. ಹಳೇ ಮನೆ ಕೆಡವಿದ ಕಡೆ ಫರ್ಸಿ ರಾಶಿ ಬಿದ್ದಿರುತ್ತದೆ. ಒಲೆಯ ಪಕ್ಕದ್ದೊಂದು, ಬಚ್ಚಲ ಕಟ್ಟೆಯದೊಂದು, ರಸ್ತೆಬದಿಯ ಕಟ್ಟೆಯದೊಂದು, ವಾಡಿ ಅಥವಾ ಮಳಖೇಡದಂಥ ಸಿಮೆಂಟ್ ಕಾರ್ಖಾನೆ ಊರಿನದೊಂದು ತನ್ನಿ. ನಾಲ್ಕು ಬಗೆಯ ಹಕ್ಕಳೆ ನಿಮ್ಮ ಮೇಜಿನ ಮೇಲಿರುತ್ತವೆ, ಯಾರ ಅನುಮತಿಯೂ ಬೇಡ.

ಎಚ್ಚರ: ಬಣ್ಣ, ಗಿಲೀಟು, ಹೆಂಚಿನ ಹೊಳಪು ಇರುವ ಮೇಲ್ಮೈಗೆ ಲಿಬ್ಸ್ ಬೇಡವೇ ಬೇಡ. ಬೀದರ್ ಬಳಿಯ ಅಷ್ಟೂರಿನ ಗುಂಬಜಗಳ ಒಳಗಿನ ಚಿತ್ರ, ಬೀದರಿನ 1472ರ ಮಹಮೂದ್ ಗವಾನ್ ಮದರಸಾದ ಬಣ್ಣದ ಹೆಂಚು ಇಂಥ ಕಡೆ ಲೇಸರ್ ಶಾಶ್ವತ ಕಲೆ ಮಾಡುತ್ತದೆ. ಸೀಸ, ಪಾದರಸದ ಬಣ್ಣಗಳು ಲೇಸರ್ ಶಾಖಕ್ಕೆ ಕಪ್ಪಾಗುತ್ತವೆ.

ಹಂತ 3: ಕಣ್ಣಿನ ಕಾಳಜಿ

1064 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿನ ಮಸೂರ ಅದನ್ನು ಅಕ್ಷಿಪಟದ ಮೇಲೆ ಕೇಂದ್ರೀಕರಿಸುತ್ತದೆ. ಕಾಣದ ಕಾರಣ ರೆಪ್ಪೆಯೂ ಮುಚ್ಚುವುದಿಲ್ಲ. ನಯ ಮಾಡಿದ ಫರ್ಸಿ ಅದನ್ನು ಪ್ರತಿಫಲಿಸಬಲ್ಲದು. ಕೋಣೆಯಲ್ಲಿರುವ ಎಲ್ಲರಿಗೂ ಕನ್ನಡಕ, ಬಾಗಿಲಿಗೆ ಫಲಕ, ಕೈಯಲ್ಲಿ ಉಂಗುರ ಗಡಿಯಾರ ಇಲ್ಲ. ಸಾಮಾನ್ಯ ಕೂಲಿಂಗ್ ಗ್ಲಾಸ್ ಇಲ್ಲಿ ಯಾವ ಕೆಲಸಕ್ಕೂ ಬಾರದು. ಸೀಸ, ಪಾದರಸದ ಅನುಮಾನವಿದ್ದರೆ ಆವಿಯನ್ನು ಹೀರುವ ವ್ಯವಸ್ಥೆಯೂ ಬೇಕು.

ಹಂತ 4: ತಾಜಾ ಕಲ್ಲು

ಈ ಹಂತವನ್ನು ಹಾರಿಸುವವರೇ ಹೆಚ್ಚು. ನಿಮ್ಮ ಹಕ್ಕಳೆಯ ಕಲ್ಲು ಯಾವ ಜಾತಿಯದೋ ಅದೇ ಬಣ್ಣ, ಅದೇ ಪದರದ ಕಲ್ಲನ್ನು ಖಣಿಯಿಂದ ತನ್ನಿ. ಬೂದು, ನೀಲಿ, ಗುಲಾಬಿ, ಕೆನೆಬಣ್ಣ ಹೀಗೆ ಶಹಾಬಾದ್ ಕಲ್ಲಿನ ಬಣ್ಣ ಹಲವು. ಬಣ್ಣ ಬೇರೆಯಾದರೆ ಕಬ್ಬಿಣ, ಜೇಡಿಯ ಪ್ರಮಾಣವೂ ಬೇರೆ ಇರಬಹುದು. ಕೈಗೆ ಸಿಕ್ಕ ಫರ್ಸಿಯನ್ನು ಆಧಾರ ಮಾಡಿಕೊಳ್ಳಬೇಡಿ. ತುಂಡನ್ನು ಮುರಿದು, ಗಾಳಿ ಕಾಣದ ಒಳಮೈಯನ್ನು ಅಳೆಯಿರಿ. ಒಂದೇ ಕಲ್ಲಿನಲ್ಲೂ ಜೇಡಿಯ ಎಳೆಗಳು ಇರುವುದರಿಂದ ಹತ್ತಾರು ಬಿಂದುಗಳು ಬೇಕು.

ಜೊತೆಗೆ ಸುತ್ತಲಿನ ಎರೆಮಣ್ಣು ಒಂದು ಹಿಡಿ, ಕಾರ್ಖಾನೆ ಹತ್ತಿರದ ಮಾಳಿಗೆ ಮೇಲಿನ ಧೂಳು ಒಂದು ಚಿಟಿಕೆ, ಗುಡಿಗೆ ಬಳಿದ ಸುಣ್ಣದ ಚಕ್ಕೆ ಒಂದು ಇರಲಿ. ಎಲ್ಲವನ್ನೂ ಅದೇ ಸೆಟ್ಟಿಂಗ್‌ನಲ್ಲಿ ಅಳೆದರೆ ಹೋಲಿಸಲು ನಿಮ್ಮದೇ ಒಂದು ಕೋಶವಾಯಿತು.

ಹಂತ 5: ಮೊದಲು ರಾಮನ್

ರಾಮನ್ ಗುಳಿ ಮಾಡುವುದಿಲ್ಲವಾದ್ದರಿಂದ ಅದೇ ಮೊದಲು. ಸಿಲಿಕಾನ್ ಬಿಲ್ಲೆಯ ಮೇಲೆ 520.5ರ ಗೆರೆ ಸರಿಯಾಗಿ ಬೀಳುತ್ತಿದೆಯೇ ನೋಡಿಕೊಳ್ಳಿ (ಈ ಅಂಕಿಗಳ ಏಕಮಾನ ಪ್ರತಿ ಸೆಂಟಿಮೀಟರ್‌ಗೆ ಅಲೆಗಳು). ಆಮೇಲೆ ಹುಡುಕಬೇಕಾದದ್ದು: ಕ್ಯಾಲ್ಸೈಟ್ 1086, ಜಿಪ್ಸಮ್ 1008, ಕ್ವಾರ್ಟ್ಜ್ 464, ಮಸಿ ಸುಮಾರು 1350 ಮತ್ತು 1590ರ ಎರಡು ಅಗಲ ಗುಡ್ಡಗಳು, ಕ್ಯಾಲ್ಸಿಯಂ ಆಕ್ಸಲೇಟ್ 1460ರಿಂದ 1490ರ ನಡುವೆ. ಕೆಂಪು ಸಿಂಧೂರದ ಕುರುಹಿದ್ದರೆ, ಸೀಸದ್ದಾದರೆ 548, ಪಾದರಸದ್ದಾದರೆ 253ರ ಸುತ್ತ. ಉಳಿದ ಖನಿಜಗಳ ರೋಹಿತ ರಫ್ (RRUFF) ಎಂಬ ಉಚಿತ ಆನ್‌ಲೈನ್ ಕೋಶದಲ್ಲಿ ಸಿಗುತ್ತದೆ.

ಇಲ್ಲಿ ಎಡವುವುದು ಎರಡು ಕಡೆ. ಒಂದು, ಶಕ್ತಿ ಜಾಸ್ತಿ ಇಡುವುದು. ಕಪ್ಪು ಮೇಲ್ಮೈ ಬೆಳಕನ್ನೆಲ್ಲ ಹೀರಿ ಸುಡುತ್ತದೆ; ಜಿಪ್ಸಮ್ ತನ್ನ ನೀರು ಕಳೆದುಕೊಂಡು ಗೆರೆ 1015ರತ್ತ ಸರಿಯುತ್ತದೆ, ಹಳದಿ ಕಬ್ಬಿಣದ ಖನಿಜ ಕೆಂಪಾಗಿಬಿಡುತ್ತದೆ. ಆಮೇಲೆ ನೀವು ಕಲ್ಲಿನ ಬದಲು ನಿಮ್ಮದೇ ಲೇಸರ್‌ನ ಫಲವನ್ನು ವರದಿ ಮಾಡುತ್ತಿರುತ್ತೀರಿ. ಒಂದೆರಡು ಮಿಲಿವ್ಯಾಟ್‌ನಿಂದ ಶುರು ಮಾಡಿ, ನಿಧಾನ ಏರಿಸಿ. ಇನ್ನೊಂದು, ಪ್ರತಿದೀಪ್ತಿ, ಅಂದರೆ ಜೀವಿಗಳ ಪದರ ಲೇಸರ್‌ಗೆ ತಾನೇ ಬೆಳಗಿ ಗೆರೆಗಳನ್ನು ಮುಳುಗಿಸುವುದು. ಅಂಥ ಜಾಗದಲ್ಲಿ ಲೇಸರನ್ನು ಕೆಲವು ನಿಮಿಷ ಹಾಗೇ ಬಿಟ್ಟು ಆಮೇಲೆ ಅಳೆಯಿರಿ. ಆ ಬೆಳಗು ಹೋಗದಿದ್ದರೆ ಅದನ್ನೂ ಬರೆದಿಡಿ, ಅದು ಜೈವಿಕ ಪದರದ ಸುಳಿವಾಗಿರಬಹುದು.

ಹೊರಾಂಗಣದಲ್ಲಿ ಕಪ್ಪು ಬಟ್ಟೆ ಮುಚ್ಚದೆ ರಾಮನ್ ಆಗದು. ಏಪ್ರಿಲ್–ಮೇ ತಿಂಗಳ ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಲ್ಲಿ ಯಂತ್ರವೂ ನಿಲ್ಲದು. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು.

ಹಂತ 6: ಲಿಬ್ಸ್ ಹೊಡೆತಗಳು

ಪ್ರಯೋಗಾಲಯದ ಯಂತ್ರವಾದರೆ ಹೊಡೆತಕ್ಕೆ ಹತ್ತಾರು ಮಿಲಿಜೂಲ್ ಶಕ್ತಿ ಸಾಕು. ಹೊಡೆತ ಬಿದ್ದ ಕೂಡಲೇ ಕಿಡಿಯಿಂದ ಬರುವುದು ಬರೀ ಬಿಳಿ ಹೊಳಪು, ಅದರಲ್ಲಿ ಗೆರೆಗಳು ಕಾಣವು. ಸುಮಾರು ಒಂದು ಮೈಕ್ರೊಸೆಕೆಂಡ್ ತಡೆದು ದಾಖಲಿಸಲು ಹೊಂದಿಸಿ. ಒಂದೇ ಜಾಗಕ್ಕೆ ಒಂದರ ಮೇಲೊಂದು ಹೊಡೆಯುತ್ತಾ, ಪ್ರತಿ ಹೊಡೆತದ ರೋಹಿತವನ್ನು ಬೇರೆಬೇರೆಯಾಗಿ ಉಳಿಸಿ. ಸರಾಸರಿ ಮಾಡಿ ಉಳಿಸಿದರೆ ಪದರಗಳೆಲ್ಲ ಕಲಸಿಹೋಗುತ್ತವೆ.

ಈಗ ಬಹಳ ಮುಖ್ಯವಾದ ಎಚ್ಚರ. ಕೈಯಲ್ಲಿ ಹಿಡಿಯುವ ಲಿಬ್ಸ್ ಯಂತ್ರಗಳು ಲೋಹದ ತುಕ್ಕು, ಕೊಳೆ ತೆಗೆಯಲೆಂದು ಮೊದಲ ಕೆಲವು ಹೊಡೆತಗಳನ್ನು "ಶುಚಿ ಹೊಡೆತ" ಎಂದು ಎಣಿಸಿ ದಾಖಲಿಸದೆ ಬಿಡುವುದುಂಟು. ಲೋಹಕ್ಕೆ ಅದು ಸರಿ. ನಮಗೆ ಬೇಕಾದದ್ದೇ ಆ ಕೊಳೆ. ಸೆಟ್ಟಿಂಗ್‌ಗೆ ಹೋಗಿ ಅದನ್ನು ಸೊನ್ನೆ ಮಾಡದಿದ್ದರೆ ಹಕ್ಕಳೆಯ ಮೇಲ್ಪದರ ನಿಮ್ಮ ಫೈಲಿಗೆ ಬರುವುದೇ ಇಲ್ಲ.

ಗುಳಿ ಆಳವಾದಷ್ಟೂ ಅದರ ಪಕ್ಕದ ಮೈಯ ವಸ್ತುವೂ ಕಿಡಿಗೆ ಬೆರೆಯುತ್ತದೆ. ಆಳ ಅಗಲಕ್ಕಿಂತ ಹೆಚ್ಚಾದ ಮೇಲೆ ಬರುವ ಅಂಕಿಗಳನ್ನು ನಾನು ನಂಬುವುದಿಲ್ಲ. ಹಕ್ಕಳೆ ದಪ್ಪವಿದ್ದರೆ ತಾನಾಗಿ ಉದುರಿದ ಚಕ್ಕೆಯನ್ನು ರಾಳದಲ್ಲಿ ಹುದುಗಿಸಿ ಅಡ್ಡ ಕೊಯ್ದು, ಕೊಯ್ದ ಮೈಯ ಮೇಲೆ ಒಂದು ಕಡೆಯಿಂದ ಅಳೆಯುತ್ತಾ ಹೋಗುವುದು ಮೇಲು. ಕೊಯ್ಯುವಾಗ, ಉಜ್ಜುವಾಗ ನೀರು ಹಾಕಬೇಡಿ. ಜಿಪ್ಸಮ್ಮೂ ಲವಣಗಳೂ ಕರಗಿಹೋಗುತ್ತವೆ.

ಹಂತ 7: ಗೆರೆ ಓದುವುದು

ಗೆರೆಗಳ ಪಟ್ಟಿ ಅಮೆರಿಕದ ಅಳತೆ-ಮಾನಕಗಳ ಸಂಸ್ಥೆ ಎನ್‌ಐಎಸ್‌ಟಿಯ (NIST) ಉಚಿತ ಕೋಶದಲ್ಲಿದೆ. ನಮ್ಮ ಕೆಲಸಕ್ಕೆ ಹೆಚ್ಚಾಗಿ ಬೇಕಾದವು ನ್ಯಾನೊಮೀಟರ್‌ನಲ್ಲಿ: ಸಿಲಿಕಾನ್ 288.16, ಮೆಗ್ನೀಸಿಯಂ 285.21, ಕಬ್ಬಿಣ 438.35, ಟೈಟಾನಿಯಂ 334.94, ಪೊಟ್ಯಾಸಿಯಂ 766.49, ಸ್ಟ್ರಾಂಷಿಯಂ 407.77, ಸೀಸ 405.78.

ಕ್ಯಾಲ್ಸಿಯಂ ಗೆರೆಗಳು ಸುಣ್ಣಕಲ್ಲಿನಲ್ಲಿ ರೋಹಿತವನ್ನೇ ಆಕ್ರಮಿಸಿರುತ್ತವೆ. 393.37 ಮತ್ತು 396.85ರ ಗೆರೆಗಳು ಎಷ್ಟು ಬಲವೆಂದರೆ ಕಿಡಿಯ ಹೊರಭಾಗ ತನ್ನ ಬೆಳಕನ್ನು ತಾನೇ ನುಂಗಿ ಗೆರೆಯ ನೆತ್ತಿ ಚಪ್ಪಟೆಯಾಗುತ್ತದೆ. ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ, 643.91ರಂಥ ಬಡ ಗೆರೆಯನ್ನು ಹಿಡಿಯಿರಿ. ಅವುಗಳ ಬುಡದಲ್ಲೇ ಅಲ್ಯುಮಿನಿಯಂನ 394.40, 396.15 ಇವೆ. ತಂತ್ರಾಂಶ ಎರಡನ್ನೂ ಗೊಂದಲ ಮಾಡಿ "ಅಲ್ಯುಮಿನಿಯಂ ಅಪಾರ" ಎಂದುಬಿಡಬಹುದು. ಅಲ್ಯುಮಿನಿಯಂಗೆ 308.22, 309.27 ನೋಡಿ. ಸೋಡಿಯಂ ಕಂಡಾಕ್ಷಣ ಲವಣ ಎನ್ನಬೇಡಿ, ಬರಿಗೈ ತಾಗಿದರೂ ಅದು ಬರುತ್ತದೆ.

ಗಂಧಕ? "ಚಂದ್ರನಲ್ಲಿ ಸಿಕ್ಕಿದ್ದು ನಮ್ಮ ಕಲ್ಲಿನಲ್ಲಿ ಯಾಕೆ ಸಿಗಲ್ಲ" ಎಂದು ಕೇಳುವವರಿದ್ದಾರೆ. ಅಲ್ಲಿ ಗಾಳಿಯ ಅಡ್ಡಿಯಿಲ್ಲ. ಇಲ್ಲಿ ಗಂಧಕದ ಬಲವಾದ ಅತಿನೇರಳೆ ಗೆರೆಗಳನ್ನು ಗಾಳಿಯ ಆಮ್ಲಜನಕ ಹೀರಿಬಿಡುತ್ತದೆ; 921ರಿಂದ 924ರ ಗೆರೆಗಳು ಎಷ್ಟೋ ಯಂತ್ರಗಳ ವ್ಯಾಪ್ತಿಯಾಚೆ ಇವೆ. ಆದ್ದರಿಂದ ಲಿಬ್ಸ್‌ನಲ್ಲಿ ಗಂಧಕ ಕಾಣಲಿಲ್ಲ ಎಂದರೆ ಗಂಧಕ ಇಲ್ಲ ಎಂದಲ್ಲ. ಜಿಪ್ಸಮ್ಮಿಗೆ ರಾಮನ್‌ನ 1008 ಸಾಕ್ಷಿ.

ಹಂತ 8: ಆಳದ ನಕ್ಷೆ, ತೀರ್ಮಾನ

ಪ್ರತಿ ಧಾತುವಿನ ಗೆರೆಯನ್ನು ಕ್ಯಾಲ್ಸಿಯಂನ ಬಡ ಗೆರೆಯಿಂದ ಭಾಗಿಸಿ, ಬಂದ ಅನುಪಾತವನ್ನು ಹೊಡೆತದ ಸಂಖ್ಯೆಯೆದುರು ಬರೆಯಿರಿ. ಅದೇ ನಕ್ಷೆಯಲ್ಲಿ ತಾಜಾ ಕಲ್ಲಿನ ಅನುಪಾತವನ್ನು ಅಡ್ಡಗೆರೆಯಾಗಿ ಎಳೆಯಿರಿ. ಹಕ್ಕಳೆಯ ಗೆರೆ ಇಳಿಯುತ್ತಾ ಬಂದು ಆ ಅಡ್ಡಗೆರೆಗೆ ಕೂಡುವ ಜಾಗವೇ ಹಕ್ಕಳೆಯ ತಳ. ಹೊಡೆತದ ಸಂಖ್ಯೆಯನ್ನು ಮೈಕ್ರಾನ್ ಎಂದು ಬರೆಯುವ ಮುನ್ನ ಗುಳಿಯ ಆಳವನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯಲೇಬೇಕು. ಮೆತ್ತನೆ ಹಕ್ಕಳೆಯಲ್ಲಿ ಒಂದು ಹೊಡೆತ ಕೊರೆಯುವಷ್ಟು ಗಟ್ಟಿ ಕಲ್ಲಿನಲ್ಲಿ ಕೊರೆಯದು.

ಸಿಲಿಕಾನ್, ಅಲ್ಯುಮಿನಿಯಂ, ಕಬ್ಬಿಣ, ಟೈಟಾನಿಯಂ ನಾಲ್ಕೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಮಣ್ಣು. ದಖ್ಖನ್ ಕಪ್ಪುಕಲ್ಲು ಸವೆದು ಆದ ಎರೆಮಣ್ಣಿನಲ್ಲಿ ಟೈಟಾನಿಯಂ ಚೆನ್ನಾಗಿಯೇ ಇರುತ್ತದೆ. ಜಿಪ್ಸಮ್, ಮಸಿ, ಲೋಹಗಳು ಕೂಡಿ ಮರೆಯ ಜಾಗದಲ್ಲಿದ್ದರೆ ಮಾಲಿನ್ಯದ ಹಕ್ಕಳೆ. ಮಸಿ ಮಾತ್ರ ಇದ್ದು ಜಿಪ್ಸಮ್ ಇಲ್ಲದಿದ್ದರೆ ದೀಪದ ಕಡೆ ನೋಡಿ. ಮೇಲೆ ಶುದ್ಧ ಕ್ಯಾಲ್ಸೈಟ್, ಒಳಗೆ ಸಿಲಿಕಾನ್ ಏರಿಕೆ ಎಂದು ನಕ್ಷೆ ತಲೆಕೆಳಗಾಗಿ ಬಂದರೆ ಯಂತ್ರ ಕೆಟ್ಟಿಲ್ಲ, ನೀವು ಸುಣ್ಣದ ಬಳಿತದ ಮೇಲೆ ನಿಂತಿದ್ದೀರಿ.

ಸಿಮೆಂಟ್ ವಿಷಯದಲ್ಲಿ ಆತುರ ಬೇಡ. ಸಿಮೆಂಟ್ ಬೇಗ ಗಟ್ಟಿಯಾಗದಿರಲೆಂದು ಅರೆಯುವಾಗಲೇ ಅದಕ್ಕೆ ಜಿಪ್ಸಮ್ ಬೆರೆಸುತ್ತಾರೆ. ಹಾಗಾಗಿ ಕಾರ್ಖಾನೆ ಊರಿನ ಕಲ್ಲಿನ ಮೇಲೆ ಸಿಕ್ಕ ಜಿಪ್ಸಮ್ ಹೊಗೆಯ ಆಮ್ಲ ಕಲ್ಲನ್ನು ತಿಂದು ಆದದ್ದೋ, ಧೂಳಿನ ಜೊತೆ ಸಿದ್ಧವಾಗಿಯೇ ಬಂದು ಕೂತದ್ದೋ ಬೇರೆ ಮಾಡಬೇಕು. ಅಡ್ಡ ಕೊಯ್ದ ಚಕ್ಕೆಯಲ್ಲಿ ಜಿಪ್ಸಮ್ ಕಲ್ಲಿನ ಕಣಗಳ ನಡುವೆ ಒಳನುಗ್ಗಿದ್ದರೆ ಕಲ್ಲೇ ಮಾರ್ಪಟ್ಟಿರುವ ಸಂಭವ ಹೆಚ್ಚು. ಗೆರೆ ಕೊಯ್ದಂತೆ ಮೇಲೆ ಮಾತ್ರ ಕೂತಿದ್ದರೆ ಧೂಳಿನ ಸಂಭವ ಹೆಚ್ಚು. ಇಷ್ಟು ನೋಡದೆ ಕಾರ್ಖಾನೆಯ ಮೇಲೆ ಬೆರಳು ತೋರಿಸುವ ವರದಿ ಯಾರೆದುರೂ ನಿಲ್ಲದು.

ಶೇಕಡಾ ಲೆಕ್ಕ ಕೊಡುವ ಆಸೆಯೂ ಬೇಡ. ತಾಜಾ ಶಹಾಬಾದ್ ಕಲ್ಲಿನ ಪುಡಿಗೆ ಗೊತ್ತಿರುವ ಪ್ರಮಾಣದ ಮಣ್ಣು, ಜಿಪ್ಸಮ್ ಬೆರೆಸಿ ಬಿಲ್ಲೆ ಒತ್ತಿ, ಅವುಗಳಿಂದ ಅಳತೆಪಟ್ಟಿ ಮಾಡಿಕೊಂಡಿದ್ದರೆ ಮಾತ್ರ ಶೇಕಡಾ ಬರೆಯಿರಿ. ಇಲ್ಲದಿದ್ದರೆ "ತಾಜಾ ಕಲ್ಲಿಗಿಂತ ಇಷ್ಟು ಪಟ್ಟು ಹೆಚ್ಚು" ಎಂದು ನಿಲ್ಲಿಸಿ.

ಲೇಸರ್ ಸಿಗದವರಿಗೆ

ಉದುರಿದ ಚಕ್ಕೆಯನ್ನು ಪುಡಿ ಮಾಡಿ ಡಿಸ್ಟಿಲ್ಡ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ. ಕಾಲೇಜು ಪ್ರಯೋಗಾಲಯದಲ್ಲಿ, ಗುರುಗಳ ಎದುರಿಗೆ, ಆ ನೀರಿಗೆ ಎರಡು ಹನಿ ತೆಳು ಹೈಡ್ರೊಕ್ಲೋರಿಕ್ ಆಮ್ಲ ಹಾಕಿ ನೊರೆ ನಿಂತ ಮೇಲೆ ಬೇರಿಯಂ ಕ್ಲೋರೈಡ್ ದ್ರಾವಣ ಬಿಡಿ. ಬೇರಿಯಂ ಕ್ಲೋರೈಡ್ ವಿಷ, ಬಾಯಿಯಿಂದ ಪಿಪೆಟ್ ಎಳೆಯಬಾರದು. ಬಿಳಿ ಗಷ್ಟು ಬಿದ್ದರೆ ಸಲ್ಫೇಟ್ ಇದೆ. ತಾಜಾ ಕಲ್ಲಿನ ಪುಡಿಗೂ ಅದನ್ನೇ ಮಾಡಿ ಪಕ್ಕದಲ್ಲಿಟ್ಟು ನೋಡಿ. ತಾಜಾ ಕಲ್ಲು ತಿಳಿಯಾಗಿಯೇ ಉಳಿದು ಹಕ್ಕಳೆಯ ಟ್ಯೂಬ್ ಮಾತ್ರ ಬೆಳ್ಳಗಾದರೆ, ಉಳಿದ ಚಕ್ಕೆಯನ್ನು ಕಾಗದದ ಪೊಟ್ಟಣದಲ್ಲಿ ಒಣಗಿಟ್ಟು, ಎಲ್ಲಿಂದ ತಂದದ್ದೆಂದು ಬರೆದು, ರಾಮನ್ ಯಂತ್ರಕ್ಕೆ ಸಮಯ ಕೇಳಿ ಅರ್ಜಿ ಹಾಕಿ.